ಕಾಕಾನ ಟೊಂಕದ ಅಪೀಲು

ಬೆಳಿಗ್ಗೆ ಅಂಚೆಯವನು ಕೊಟ್ಟ ಲಕೋಟೆಯನ್ನು ಒಡೆದು ಓದಿ, ಕಾಕಾನ ಫೈಲಿಗೆ ಸೇರಿಸಲು ಹೋದರೆ ಅದರಿಂದ ಗಪ್ಪನೆ ನೋವಿನೆಣ್ಣೆಯ ವಾಸನೆ ಬಂತು. ಯಾರಿಗೂ ಕಾಣದಂತೆ ಅವರು ಹಚ್ಚಿಕೊಳ್ಳುವ ಎಣ್ಣೆ ಅದು. ಲಕೋಟೆ ಕಾಕಾಗೆ ಮುಟ್ಟಿಸುವತನಕ ನನಗೋ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬನ್ನಿ, ಗಾಡಿಯ ಹಿಂದೆ ಕೂತುಬಿಡಿ. ಬಸವಕಲ್ಯಾಣದಿಂದ ಕಾಕಾನ ಊರು ನಾರಾಯಣಪುರ ಮುಟ್ಟುವುದರೊಳಗೆ ಎಲ್ಲ ಹೇಳಿಬಿಡುತ್ತೇನೆ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಮಿಲಿಟರಿಯಲ್ಲಿದ್ದವರು. ಗುಡ್ಡದ ಮೇಲೆ ಸಾಮಾನು ಹೊತ್ತು ಏರುವಾಗ ಜಾರಿ ಬಿದ್ದು ಟೊಂಕ, ಮೊಣಕಾಲು ಎರಡೂ ಹೋದವು. ನಿವೃತ್ತಿಯ ಹೊತ್ತಿಗೆ ಮಿಲಿಟರಿ ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ, ಇವರು ಎದೆ ಸೆಟೆಸಿ, “ಏಕ್‌ದಮ್ ಠೀಕ್, ಸಾಬ್” ಅಂದರಂತೆ! ಊನ ಅಲ್ಪ, ವಯಸ್ಸಿನಿಂದ ಬಂದದ್ದು ಎಂದು ಬರೆದು ಕಳಿಸಿದರು.

“ಮನ್ಯಾಗ ಕುಂತು ಮುದುಕ ಆಗಿ ಬಂದ ನೋವೇನಿದು? ಆ ಮಾತೊಂದು ತೆಗಸು” ಅಂದರು ಕಾಕಾ. ಅವರಿಗೆ ಬೇಕಾದದ್ದು ಅಷ್ಟೇ.

ನಾನು ಹೈಸ್ಕೂಲು ಮಾಸ್ತರ. ಅವರ ಪರವಾಗಿ ಬರೆದ ಅಪೀಲನ್ನು ಹಿಮಾಲಯದ ಸೂರ್ಯೋದಯದಿಂದ ಶುರುಮಾಡಿದ್ದೆ. ಮಾಜಿ ಸೈನಿಕರ ಕಚೇರಿಯ ಗುಮಾಸ್ತರು ಓದಿ, “ಮಾಸ್ತರ, ಟೊಂಕದ ಸುದ್ದಿ ಎಲ್ಲದರಿ?” ಅಂದರು. ಮತ್ತೆ ಬರೆದೆ.

ಮರುತಪಾಸಣೆಗೆ ಕರೆ ಬಂತು. ಮಿಲಿಟರಿ ಆಸ್ಪತ್ರೆಗೆ ಹೋಗಲು ಹುಮನಾಬಾದಿನಲ್ಲಿ ಬಸ್ಸು ಹತ್ತಿದಾಗಿನಿಂದ ಪಾಠ ಹೇಳಿದ್ದೇ ಹೇಳಿದ್ದು.

“ನೋವದ ಅಂತ ಹೇಳ್ರಿ ಕಾಕಾ.”

“ಸಾಬ್ ಮುಂದ ಅದನ್ನ ಹ್ಯಾಂಗ ಹೇಳಲೋ?”

ಅಲ್ಲಿ ಡಾಕ್ಟರು ಹಿಂದಿಯಲ್ಲಿ, ಆದಷ್ಟು ಬಾಗಿ ಅಂದರು. ನಮ್ಮ ಕಾಕಾ ಹುಕುಂ ಬಂತೆಂದು ಸೀದಾ ಬಾಗಿ ತಮ್ಮ ಕಾಲ್ಬೆರಳು ಮುಟ್ಟಿಬಿಡಬೇಕೇ! ಎಲ್ಲ ಮುಗಿಯಿತು ಎಂದು ನಾನು ಹಣೆ ಹಣೆ ಬಡಿದುಕೊಂಡೆ. ಏಳಿ ಅಂದರು ಡಾಕ್ಟರು. ಕಾಕಾ ಏಳಲಿಲ್ಲ. ಏಳಲು ಬರಲಿಲ್ಲ. ಬಾಗಿದಲ್ಲಿಂದಲೇ “ಠೀಕ್ ಹೈ, ಸಾಬ್” ಎಂಬ ದನಿ ಬಂತು. ಡಾಕ್ಟರು ನೆಲಕ್ಕೆ ಮೊಣಕಾಲೂರಿ ಅವರ ಮುಖ ನೋಡಿ, ಎಲ್ಲಿ ಬಿದ್ದಿರಿ ಎಂದು ಮೆತ್ತಗೆ ಕೇಳಿದರು. ನಾನೂ ಅವರೂ ಸೇರಿ ಎಬ್ಬಿಸಿ ಕೂರಿಸಿದೆವು. ಆಮೇಲೆ ಡಾಕ್ಟರು ಫೈಲಿನಲ್ಲಿದ್ದ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಒಂದೊಂದಾಗಿ ಓದಿದರು.

ಅಗೋ, ಮನೆ ಬಂತು. ಕಾಕಾ ಅಂಗಳದಲ್ಲಿ ಆಡುಗಳಿಗೆ ಮೇವು ಹಾಕುತ್ತಿದ್ದಾರೆ. ಲಕೋಟೆ ಕಂಡದ್ದೇ ಸೆಟೆದು ನಿಂತರು. ನಾನು ಏದುಸಿರಲ್ಲೇ ಓದಿದೆ: ಊನದ ಪ್ರಮಾಣ ಹೆಚ್ಚಿಸಿದೆ, ಇದು ಸೇವೆಯಲ್ಲಿದ್ದಾಗ ಆದದ್ದು.

“ಇನ್ನೊಮ್ಮೆ ಓದು.”

ಓದಿದೆ. ಕಾಕಾ ಮೆಲ್ಲಗೆ ಕಟ್ಟೆಯ ಮೇಲೆ ಕೂತು, ಸೊಂಟಕ್ಕೆ ಕೈ ಕೊಟ್ಟರು.

“ಟೊಂಕ ಭಾಳ ನೋಯಾಕತ್ತದೋ ತಮ್ಮಾ. ಒಳಗ ಎಣ್ಣಿ ಬಾಟಲಿ ಅದ, ತಂದು ಹಚ್ಚು.”