ಚೇಡತ್ತಿಯ ಒಂದೇ ಬೆಲೆ

ಇದನ್ನು ಬರೆಯಲು ಕುಳಿತದ್ದು ಇದು ಮೊದಲ ಸಲವಲ್ಲ. ಪ್ರತಿ ಸಲವೂ ಏನಾದರೊಂದು ನೆಪ ಹುಡುಕಿ ಎದ್ದಿದ್ದೇನೆ. ಕಳೆದ ತಿಂಗಳು ಪುತ್ತೂರಿನ ನಮ್ಮ ಮನೆಯ ಪಕ್ಕದಲ್ಲಿ ಲ್ಯಾಬ್ರಡಾರ್ ಸಾಕುವ ಸುಜಾತ ಬೇಲಿಯ ಹತ್ತಿರ ನಿಂತು ಕೇಳಿದಳು: “ಅಜ್ಜ, ಫೋನ್ ಮಾಡಿದವರೆಲ್ಲ ಮರಿ ಹೇಗುಂಟು ಅಂತ ಕೇಳುದಿಲ್ಲ, ಲಾಸ್ಟ್ ಎಷ್ಟು ಅಂತ ಕೇಳುದು. ಚೌಕಾಶಿಗೆ ಒಪ್ಪುದಾ, ಬೇಡವಾ? ನೀವು ಹಿಂದೆ ನಾಯಿಮರಿ ಮಾರುತ್ತಿದ್ದಿರಂತಲ್ಲ?”

ಯೋಚಿಸಿ ಹೇಳುತ್ತೇನೆಂದು ಒಳಗೆ ಬಂದೆ. ಯೋಚಿಸಲು ಏನೂ ಇರಲಿಲ್ಲ. ಹೇಳಲು ಧೈರ್ಯವಿರಲಿಲ್ಲ.

1957ರಲ್ಲಿ ನಾನು ಕಡಬದಿಂದ ಆಚೆಗಿನ ಒಂದು ರಬ್ಬರ್ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಬಟವಾಡೆ ಮಾಡುವುದು, ಮ್ಯಾನೇಜರರ ಪತ್ರ ಟೈಪ್ ಮಾಡುವುದು ರೈಟರನ ಕೆಲಸ. ಊರು ಸವಣೂರು, ಓದು ಎಸ್ಸೆಸ್ಸೆಲ್ಸಿ. ಆ ವರ್ಷ ಬಂಗಲೆಯ ಬಿಳಿ ದೊರೆ ಕೆಲಸ ಬಿಟ್ಟು ವಿಲಾಯತಿಗೆ ಹೊರಟರು. ಅವರಲ್ಲಿ ಒಂದು ಜೋಡಿ ಅಲ್ಸೇಷಿಯನ್ ನಾಯಿಗಳಿದ್ದವು, ಗಂಡು ಟೈಗರ್, ಹೆಣ್ಣು ರಾಣಿ. ಅವುಗಳಿಗೆ ಹುಳದ ಮದ್ದು ಕುಡಿಸುತ್ತಿದ್ದವನು, ಉಣ್ಣಿ ತೆಗೆಯುತ್ತಿದ್ದವನು ನಾನು. ಜೋಡಿ ನನಗೇ ಎಂದು ನಂಬಿದ್ದೆ. ಹೊರಡುವ ದಿನ ದೊರೆ ಟೈಗರನ ಹಗ್ಗ ನನ್ನ ಕೈಗೆ ಕೊಟ್ಟರು. ರಾಣಿಯ ಹಗ್ಗವನ್ನು ಬಂಗಲೆಗೆ ಮೊಟ್ಟೆ ತರುತ್ತಿದ್ದ ಹೆಂಗಸಿಗೆ ಕೊಟ್ಟರು.

ಅವಳು ತಿರುವಾಂಕೂರಿನ ಕಡೆಯಿಂದ ಬಂದು ಎಸ್ಟೇಟಿನ ಮೇಲಿನ ಗುಡ್ಡದಲ್ಲಿ ನೆಲೆಯಾದ ಕ್ರೈಸ್ತ ಹೆಂಗಸು. ಬಂದ ಎರಡನೆಯ ವರ್ಷವೇ ಗಂಡ ಮಲೇರಿಯಾದಲ್ಲಿ ತೀರಿಹೋಗಿದ್ದ. ಮರಗೆಣಸು ನೆಟ್ಟು, ಕೋಳಿ ಸಾಕಿ ಒಬ್ಬಳೇ ಬದುಕುತ್ತಿದ್ದಳು. ಅಕ್ಕನ ಸ್ಥಾನದವರನ್ನು ಅವರ ಮಾತಿನಲ್ಲಿ ಚೇಡತ್ತಿ ಎನ್ನುತ್ತಾರೆ. ಊರಿಗೆಲ್ಲ ಅವಳು ಚೇಡತ್ತಿಯೇ. ಅಂದು ಹಗ್ಗ ಹಿಡಿದು ಗುಡ್ಡ ಹತ್ತುವಾಗ ರಾಣಿ ಒಮ್ಮೆಯೂ ತಿರುಗಿ ನನ್ನನ್ನು ನೋಡಲಿಲ್ಲ. ನನ್ನ ಹೊಟ್ಟೆಕಿಚ್ಚಿನ ಮೊದಲ ಕಿಡಿ ಅದು.

ನಮ್ಮಿಬ್ಬರಲ್ಲಿ ಒಂದು ಮಾತಾಯಿತು. ಪ್ರತಿ ಸೂಲಿನಲ್ಲಿ ಗಂಡು ನಾಯಿಯ ಪಾಲಾಗಿ ಎರಡು ಮರಿ ನನಗೆ, ಉಳಿದವು ಅವಳಿಗೆ. ತಾಯಿ ಒಂದೇ, ತಂದೆ ಒಂದೇ, ಮಲಗಿದ ಗೋಣಿಯೂ ಒಂದೇ. ಮಾರುವ ಕ್ರಮ ಮಾತ್ರ ಬೇರೆ. ನಾನು ದನದ ವ್ಯಾಪಾರ ನೋಡಿ ಬೆಳೆದವನು. ಎಂಬತ್ತು ರೂಪಾಯಿ ಎಂದು ಶುರು ಮಾಡಿ, ಎದ್ದು ಹೋದವರನ್ನು ಕೂಗಿ ಕರೆದು, ವೀಳ್ಯ ಕೊಟ್ಟು, ಕೊನೆಗೆ ನಲವತ್ತಕ್ಕೆ ಕೊಡುತ್ತಿದ್ದೆ. ಅದರಲ್ಲಿ ಒಂದು ಖುಷಿಯೂ ಇತ್ತು. ಚೇಡತ್ತಿ ಅರವತ್ತು ಎನ್ನುತ್ತಿದ್ದಳು. ಆಮೇಲೆ ಅವಳು ಕೇಳುವ ಸರದಿ. ಕಟ್ಟಿಹಾಕುತ್ತೀರಾ, ಬಿಡುತ್ತೀರಾ? ಮನೆಯಲ್ಲಿ ಹಗಲು ಯಾರು ಇರುತ್ತಾರೆ? ಉತ್ತರ ಹಿಡಿಸದಿದ್ದರೆ ಅರವತ್ತು ಕೊಟ್ಟರೂ ಮರಿ ಇಲ್ಲ.

ಇವಳ ಹತ್ತಿರ ಯಾರು ಹೋಗುತ್ತಾರೆಂದು ನಾನು ನಕ್ಕಿದ್ದೆ. ಎಲ್ಲರೂ ಅಲ್ಲಿಗೇ ಹೋದರು. ಪುತ್ತೂರಿನಿಂದ ಬಂದ ಜೀಪು ನನ್ನ ಕ್ವಾರ್ಟರ್ಸಿನ ಮುಂದೆ ನಿಧಾನ ಮಾಡದೆ ಗೇರು ಬದಲಿಸಿ ಗುಡ್ಡ ಹತ್ತುವ ಸದ್ದು ಕೇಳಿದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಹೆಂಡತಿ ಒಮ್ಮೆ, “ಅವರ ಮರಿಗಳು ಕೂರು ಅಂದರೆ ಕೂರ್ತವೆ, ನೋಡಿದ್ದೀರಾ?” ಎಂದಳು. “ಹಾಗಾದರೆ ನೀನೂ ಅಲ್ಲೇ ಹೋಗಿ ಕೂರು” ಎಂದೆ. ಟೈಗರ್ ಕೂಡ ಸಂಜೆಯ ಅನ್ನ ನನ್ನಲ್ಲಿ ತಿಂದು ಚೇಡತ್ತಿಯ ಜಾಗಕ್ಕೆ ಓಡುತ್ತಿತ್ತು. ಗೆಣಸಿಗೆ ಕಾಡುಹಂದಿ ಬಂದರೆ ಟೈಗರ್, ರಾಣಿ ಎರಡೂ ಸೇರಿ ಅಟ್ಟುತ್ತಿದ್ದವು. ಒಂದು ಎದುರಿನಿಂದ ಬೊಗಳಿದರೆ ಇನ್ನೊಂದು ಹಿಂದಿನಿಂದ. ಬೆಳಿಗ್ಗೆ ಕೆಸರು ಕಾಲಿನಲ್ಲಿ ಟೈಗರ್ ಮನೆಗೆ ಬರುತ್ತಿತ್ತು.

ಈಶ್ವರಮಂಗಲದ ಕಡೆಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಎರಡನೆಯ ಸೂಲಿನ ಮರಿಯೊಂದನ್ನು ನನ್ನಿಂದ ನಲವತ್ತಕ್ಕೆ ಒಯ್ದಿದ್ದರು. ಮುಂದೊಂದು ದಿನ ಪುತ್ತೂರಿನ ಹೋಟೆಲಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗ ಅವರ ಮಾತು ಕಿವಿಗೆ ಬಿತ್ತು.

“ಅದು ಚೇಡತ್ತಿಯ ಮರಿ ಮಾರಾಯ್ರೆ. ಅರವತ್ತು ಎಣಿಸಿ ಕೊಟ್ಟಿದ್ದೇನೆ. ರೈಟರನ ಸಂತೆಮಾಲು ಅಲ್ಲ.”

ನನ್ನ ಮರಿಯನ್ನೇ ಅವಳದೆಂದು ಹೇಳಿಕೊಂಡು ಮೀಸೆ ತಿರುವುತ್ತಿದ್ದರು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದೆ. ಅಂದು ಮನೆಗೆ ಬಂದವನೇ ಟೈಗರನನ್ನು ಚೈನಿನಲ್ಲಿ ಕಟ್ಟಿದೆ. ಇನ್ನು ಅವಳ ಅಂಗಳಕ್ಕೆ ಹೋಗುವುದು ಬೇಡ ಎಂದು.

ನಾನು ಟೈಗರನನ್ನು ಕಟ್ಟುವ ಮೊದಲೇ ರಾಣಿ ಗಬ್ಬವಾಗಿತ್ತು. 1960ರ ಬೇಸಗೆಯಲ್ಲಿ ಅದರ ಮೂರನೆಯ ಸೂಲು. ಏಳು ಮರಿ. ಆ ಸಲ ಚೇಡತ್ತಿ ಆಫೀಸಿಗೆ ಬಂದು ಮುಳ್ಳುತಂತಿಯ ಬೆಲೆ ವಿಚಾರಿಸಿದಳು. ಮಳೆಗಾಲದ ಊಟಕ್ಕೆಂದು ಕೀಳದೆ ಉಳಿಸಿದ ಮರಗೆಣಸು ಗುಡ್ಡದ ಬದಿಯಲ್ಲಿತ್ತು. “ಮರಿ ಹೋದ ಕೂಡಲೇ ತಂತಿ ತರಿಸಬೇಕು ರೈಟರೇ. ಮಳೆ ಹಿಡಿದರೆ ಹಂದಿ ಬಿಡುದಿಲ್ಲ. ಯಾರಿಗೂ ಹೇಳಬೇಡಿ, ನನಗೆ ಅವಸರ ಉಂಟು ಅಂತ ಗೊತ್ತಾದರೆ ಚೌಕಾಶಿ ಶುರು ಮಾಡ್ತಾರೆ” ಎಂದಳು. ಹೇಳುವುದಿಲ್ಲ ಎಂದೆ.

ಮರಿ ನೋಡಲು ಬಂದವರು ದಾರಿ ಕೇಳಲು ಆಫೀಸಿನ ಮುಂದೆ ನಿಲ್ಲುತ್ತಿದ್ದರು. ಬೆಟ್ಟಂಪಾಡಿಯ ಜಮೀನ್ದಾರರು ಮೊದಲು ಬಂದರು. ಮಜ್ಜಿಗೆ ಕೊಟ್ಟು ಕೂರಿಸಿದೆ.

“ಎಂತ ಅವಸರ ಮಾರಾಯ್ರೆ? ಸ್ವಲ್ಪ ಕಾಯಿರಿ. ಅವಳಿಗೆ ಮಳೆಗೆ ಮೊದಲು ಬೇಲಿಗೆ ತಂತಿ ತೆಗೆದುಕೊಳ್ಳಲಿಕ್ಕುಂಟು, ಕೈಯಲ್ಲಿ ಕಾಸಿಲ್ಲ. ಮರಿ ದೊಡ್ಡದಾದಷ್ಟು ತಿನ್ನುದು ಜಾಸ್ತಿ. ಅರ್ಧಕ್ಕೆ ಇಳೀತಾಳೆ.”

ಅವರು ನಕ್ಕು ಗಾಡಿ ತಿರುಗಿಸಿದರು. ಗಿರಣಿ ಸಾಹುಕಾರರಿಗೂ ಅದನ್ನೇ ಹೇಳಿದೆ, ಆಮೇಲೆ ಬಂದವರಿಗೂ. ಸುದ್ದಿ ತಾನೇ ನಡೆದು ಹೋಯಿತು. ಒಂದು ಜೀಪೂ ಗುಡ್ಡ ಹತ್ತಲಿಲ್ಲ. ಆ ದಿನಗಳಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು.

ಮೇ ತಿಂಗಳ ಕೊನೆಗೆ ಚೇಡತ್ತಿ ಮತ್ತೆ ಬಂದಳು. ತನ್ನ ಪಾಲಿನ ಗಂಜಿಯನ್ನೂ ಮರಿಗಳಿಗೆ ಹಾಕುತ್ತಿದ್ದಾಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. “ಯಾರೂ ಬರಲಿಲ್ಲ ರೈಟರೇ. ಎಂತ ಆಯಿತು ಎಲ್ಲರಿಗೆ?”

“ಬೆಲೆ ಸ್ವಲ್ಪ ಇಳಿಸಿ ಚೇಡತ್ತಿ. ಕಾಲ ನೋಡಿ ನಡೆಯಬೇಕು.”

“ಈಗ ಇಳಿಸಿದರೆ ಹೋದ ವರ್ಷ ಅರವತ್ತು ಕೊಟ್ಟವರಿಗೆ ನಾನು ಕಳ್ಳಿ ಆದ ಹಾಗೆ ಅಲ್ಲವಾ? ಮತ್ತೆ, ಮರಿಗೆ ಚೌಕಾಶಿ ಮಾಡಿದವ ನಾಳೆ ಅದರ ಅನ್ನಕ್ಕೂ ಚೌಕಾಶಿ ಮಾಡ್ತಾನೆ.”

ಅವಳು ಹೋದ ಮೇಲೆ ಈ ಮಾತನ್ನು ಆಫೀಸಿನಲ್ಲಿ ಅಣಕಿಸಿ ತೋರಿಸಿದೆ. ಎಲ್ಲರೂ ನಕ್ಕರು.

ಮಳೆ ಹಿಡಿಯಿತು. ತಂತಿ ಬರಲಿಲ್ಲ. ಜೂನ್ ತಿಂಗಳ ಒಂದು ಬೆಳಗಿನ ಜಾವ ಟೈಗರ್ ಚೈನು ಜಗ್ಗಿ ಜಗ್ಗಿ ಊಳಿಟ್ಟಿತು. ಗುಡ್ಡದ ಮೇಲೆ ರಾಣಿ ಒಂದೇ ಸಮನೆ ಬೊಗಳುವುದು ನನಗೂ ಕೇಳುತ್ತಿತ್ತು. ಎದ್ದು ಹೋಗಿ ಟೈಗರನಿಗೆ ಒಂದು ಬಾರಿಸಿ ಬಂದು ಮಲಗಿದೆ. ಸ್ವಲ್ಪ ಹೊತ್ತಿಗೆ ಮೇಲಿನ ಸದ್ದು ನಿಂತಿತು. ಟೈಗರ್ ಮಾತ್ರ ನಿಲ್ಲಿಸಲಿಲ್ಲ.

ಬೆಳಕಾದ ಮೇಲೆ ನಾಲ್ಕು ಮಂದಿ ಆಳುಗಳ ಜೊತೆ ಹೋದೆ. ಮರಗೆಣಸಿನ ಸಾಲು ಉತ್ತ ಗದ್ದೆಯಂತೆ ಮಗುಚಿಬಿದ್ದಿತ್ತು. ರಾಣಿಯನ್ನು ಹಂದಿ ಹೊಟ್ಟೆಗೇ ತಿವಿದಿತ್ತು. ಎದುರಿನಿಂದ ಅಟ್ಟಲು ರಾಣಿ ಇತ್ತು, ಹಿಂದಿನಿಂದ ಬರಬೇಕಾದದ್ದು ನನ್ನ ಕ್ವಾರ್ಟರ್ಸಿನ ಕಂಬದಲ್ಲಿತ್ತು. ಆಳುಗಳು ಮಳೆಯಲ್ಲೇ ಗುಂಡಿ ತೋಡಿದರು. ಚೇಡತ್ತಿ ಅಳಲಿಲ್ಲ. ತನ್ನ ಹೊದಿಕೆಯೊಂದನ್ನು ತಂದು ನಾಯಿಗೆ ಸುತ್ತಿದಳು.

ಮೂರನೆಯ ದಿನ ಅದೇ ಆಳುಗಳ ಜೊತೆ ನಾನು ಅವಳ ಅಂಗಳದಲ್ಲಿರುವಾಗ ಗಿರಣಿ ಸಾಹುಕಾರರು ಕೊಡೆ ಹಿಡಿದು ಹತ್ತಿ ಬಂದರು. “ಪಾಪ, ಹೀಗಾಗಬಾರದಿತ್ತು. ಇನ್ನಾದರೂ ಇಳಿಸ್ತೀರಲ್ಲ ಚೇಡತ್ತಿ? ಮೂವತ್ತು ಕೊಡ್ತೇನೆ, ಈಗಲೇ.”

“ಬೆಲೆ ಅರವತ್ತೇ. ಆದರೆ ಇನ್ನು ಮಾರುದಿಲ್ಲ” ಎಂದಳು. ಅಂಗಳದ ತುದಿಯಲ್ಲಿ ನಿಂತಿದ್ದ ಗುಂಡಿ ತೋಡಿದ ಆಳುಗಳನ್ನು ಒಬ್ಬೊಬ್ಬರಾಗಿ ಕರೆದು ಒಂದೊಂದು ಮರಿ ಮಡಿಲಿಗೆ ಕೊಟ್ಟಳು. “ಕಾಸು ಬೇಡ. ನೀವು ಉಂಡದ್ದರಲ್ಲಿ ಸ್ವಲ್ಪ ಹಾಕಿ. ಅಷ್ಟೇ.” ಐದನೆಯದನ್ನು ತನಗೆ ಇಟ್ಟುಕೊಂಡಳು. ಆಮೇಲೆ ಒಳಗಿನಿಂದ ಎಲ್ಲಕ್ಕಿಂತ ಗಟ್ಟಿಮುಟ್ಟಾದ ಎರಡು ಮರಿ ತಂದು ನನ್ನ ಮುಂದಿಟ್ಟಳು.

“ನಿಮ್ಮ ಪಾಲು ಮೊದಲೇ ತೆಗೆದಿಟ್ಟಿದ್ದೆ. ಎಲ್ಲರಿಗೂ ಕಾಯಲಿಕ್ಕೆ ಹೇಳಿದಿರಿ. ನೀವು ಕಾಯುದು ಬೇಡ, ರೈಟರೇ.”

ಧ್ವನಿ ಏರಿಸಲಿಲ್ಲ. ನಾನು ಮರಿಗಳನ್ನು ಎತ್ತಿಕೊಂಡೆ. ಆಗ ಸಾಹುಕಾರರು ನನ್ನ ಕಡೆ ತಿರುಗಿ, “ಹಾಗಾದರೆ ನಿಮ್ಮದಕ್ಕೆ ಎಷ್ಟು?” ಎಂದರು.

“ಎಂಬತ್ತು” ಎಂದಿತು ನನ್ನ ಬಾಯಿ.

ಯೋಚಿಸಿ ಹೇಳಿದ್ದಲ್ಲ. ವರ್ಷಗಳಿಂದ ಪಳಗಿದ ನಾಲಿಗೆ, ಯಾರು ಎಷ್ಟು ಎಂದರೂ ಎಂಬತ್ತು ಎನ್ನುತ್ತಿತ್ತು. ಚೇಡತ್ತಿ ನನ್ನನ್ನೊಮ್ಮೆ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮರಿಗಳನ್ನು ನಾನು ಮಾರಲಿಲ್ಲ. ಸಾಹುಕಾರರು ನೂರಕ್ಕೆ ಏರಿದರೂ ಕೊಡಲಿಲ್ಲ. ಆದರೆ ಅದರಿಂದ ಆಡಿದ ಮಾತು ಹಿಂದೆ ಬರುತ್ತದೆಯೇ?

ಮರುವರ್ಷ ಅವಳು ಜಾಗ ಮಾರಿ ವಯನಾಡಿನ ಕಡೆ ಅಣ್ಣನ ಮನೆಗೆ ಹೊರಟಳು. ಸಾಮಾನು ಹೇರಿದ ಲಾರಿಯನ್ನು ನನ್ನ ಮನೆಯ ಮುಂದೆ ನಿಲ್ಲಿಸಿ ಇಳಿದಳು. ನನ್ನನ್ನು ನೋಡಲು ಅಲ್ಲ. ರಾಣಿ ಸತ್ತ ಮೇಲೆ ನಾನು ಕಟ್ಟುವುದನ್ನು ಬಿಟ್ಟಿದ್ದ ಟೈಗರನ ಹತ್ತಿರ ಕುಳಿತು ಅದರ ಕಿವಿಯ ಹಿಂದೆ ತುರಿಸಿದಳು. ನಾನು ಜಗಲಿಯಲ್ಲಿ ನಿಂತಿದ್ದೆ. ತಪ್ಪಾಯಿತೆಂದು ಈಗ ಹೇಳುತ್ತೇನೆ, ಅವಳು ಎದ್ದ ಕೂಡಲೇ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಹತ್ತಿ ಲಾರಿ ಹೊರಟು, ಟೈಗರ್ ಅದರ ಹಿಂದೆ ಓಡತೊಡಗಿತ್ತು. ಅದು ಅವಳ ಹಿಂದೆ ಹೋಯಿತಲ್ಲಾ ಎಂದು ಆಗಲೂ ನನಗೆ ಉರಿಯಿತು.

ಸುಜಾತಳಿಗೆ ನಿನ್ನೆ ಉತ್ತರ ಹೇಳಿದೆ. ಮರಿಗೆ ಒಂದು ಬೆಲೆ ಹೇಳು, ಎಲ್ಲರಿಗೂ ಅದನ್ನೇ ಹೇಳು. ಕೊಡಲು ಕೈಲಾಗದ ಒಳ್ಳೆಯವರು ಬಂದರೆ ಹಾಗೆಯೇ ಕೊಟ್ಟುಬಿಡು. ನಡುವೆ ನಿಂತು ಜಗ್ಗಾಡಬೇಡ. ಜಗ್ಗಾಡಿ ಜಗ್ಗಾಡಿ ನನಗೆ ಉಳಿದದ್ದು ಒಂದು ಕೆಟ್ಟ ನಾಲಿಗೆ.

“ಯಾರು ಕಲಿಸಿದ್ದು ಅಜ್ಜ ಇದು?” ಎಂದು ಕೇಳಿದಳು. ಊರಿಗೆಲ್ಲ ಚೇಡತ್ತಿಯಾಗಿದ್ದವಳಿಗೆ ಒಂದು ಹೆಸರಿತ್ತು. ಆಫೀಸಿನ ಮೊಟ್ಟೆಯ ಲೆಕ್ಕದಲ್ಲಿ ಆ ಹೆಸರನ್ನು ವಾರವಾರ ಬರೆದವನು ನಾನೇ. ಬಾಯಿಬಿಟ್ಟು ಕರೆದದ್ದು ಒಮ್ಮೆಯೂ ಇಲ್ಲ. ನಿನ್ನೆ ಬೇಲಿಯ ಹತ್ತಿರ ನಿಂತು ಮೊದಲ ಸಲ ಹೇಳಿದೆ: ಏಲಿಯಮ್ಮ.