ಏರು ಹತ್ತುವ ಕಂಬಿ

ದೇವನಹಳ್ಳಿಯಲ್ಲಿ ಬಸ್ಸಿಳಿದಾಗ ಮೋಡ ಮುಸುಕಿತ್ತು, ಮಳೆಯ ಸುಳಿವಿರಲಿಲ್ಲ. ಇಡ್ಲಿ ತಿಂದು, ಮೂವತ್ತು ರೂಪಾಯಿ ಕೊಟ್ಟು ಷೇರ್ ಆಟೋ ಹತ್ತಿ ಅಲ್ಲೇ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯ ಕಡೆ ಹೊರಟೆ. ಅಲ್ಲಿಂದಾಚೆ ನಾನು ಹೋದ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ.

ನೋಡಲು ಹೋದದ್ದು ಒಂದು ಪುಟ್ಟ ರೈಲು ದಾರಿಯನ್ನು. ಹಿಂದೆ ಅಲ್ಲಿನ ಕಲ್ಲು ಕ್ವಾರಿಯಿಂದ ರೈಲು ನಿಲ್ದಾಣದ ತನಕ ಕಂಬಿ ಹಾಸಿದ್ದರಂತೆ. ಕಲ್ಲು ತುಂಬಿದ ಟ್ರಾಲಿಗಳು ಇಳಿಜಾರಿನಲ್ಲಿ ತಾವಾಗಿಯೇ ಉರುಳಿ ಹೋಗುತ್ತಿದ್ದವು, ಖಾಲಿಯಾದವನ್ನು ಎತ್ತುಗಳು ವಾಪಸ್ ಎಳೆದು ತರುತ್ತಿದ್ದವು. ಕ್ವಾರಿ ಮುಚ್ಚಿತು. ಕಂಬಿಗಳು ಒಂದೊಂದಾಗಿ ಊರಿನ ಮನೆಗಳಿಗೆ ತೊಲೆಯಾದವು. ಈಗ ಬೆಂಗಳೂರಿನ ಕೆಲವರು ಸೇರಿ ಅರ್ಧ ಮೈಲಿಯಷ್ಟನ್ನು ಮತ್ತೆ ಹಾಸಿದ್ದಾರೆ.

ಅವರ ಮುಂದಾಳು ರಘುನಂದನ್ ಎಂಬ ಯುವಕ ಕಾಫಿ ಕೊಟ್ಟು, ಕೆಂಪು ಬಣ್ಣ ಬಳಿದ ಟ್ರಾಲಿಯಲ್ಲಿ ಕೂರಿಸಿದ. ಎಲ್ಲವೂ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದು ನನಗೆ ಜೀರ್ಣವಾಗುವುದಿಲ್ಲ. ರೆಸಾರ್ಟ್ ಕಟ್ಟುವ ಹುನ್ನಾರವೋ, ಸೈಟು ಮಾಡುವ ಹುನ್ನಾರವೋ? ಅನುಮಾನವೇ ದೊಡ್ಡ ರೋಗ ಅನ್ನುವುದನ್ನು ನಮ್ಮ ಕಡೆ ತೆಲುಗಿನಲ್ಲಿ ‘ಅನುಮಾನಂ ಪೆದ್ದರೋಗಂ’ ಎನ್ನುತ್ತಾರೆ. ನನಗದು ಹುಟ್ಟಿನಿಂದಲೇ ಅಂಟಿದೆ.

“ಹಳೇ ಜಾಡು ಇದೇ ಅಂತ ಹೇಗೆ ಗೊತ್ತಾಯ್ತಪ್ಪಾ?” ಎಂದು ಕೆದಕಿದೆ.

“ಊರೋರೇ ನಡೆಸ್ಕೊಂಡ್ ಹೋಗಿ ತೋರಿಸಿದ್ರು ಸಾರ್. ಎಷ್ಟು ಒಳ್ಳೇ ಜನ ಗೊತ್ತಾ!”

ಆದರೆ ನಿಲ್ದಾಣದ ದಿಕ್ಕಿಗೆ ಹೋಗುವಾಗ ನಾಲ್ಕು ಜನ ಏದುಸಿರು ಬಿಡುತ್ತ ನಮ್ಮ ಟ್ರಾಲಿಯನ್ನು ಬಂಡೆಯ ಏರು ಹತ್ತಿಸುತ್ತಿದ್ದರು. ಕಲ್ಲು ತಾನಾಗಿಯೇ ಏರು ಹತ್ತುತ್ತಿತ್ತೇ? ಅವನಿಗೇನೂ ಹೇಳದೆ ಊರಿನ ಕಡೆ ನಡೆದೆ.

ಊರಾಚೆ ಮುನಿವೆಂಕಟಮ್ಮ ಎಂಬ ವಯಸ್ಸಾದ ಹೆಂಗಸು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಹೊಲದ ನಡುವೆ ಒಂದು ಅಗಲವಾದ ಬದು ನಿಲ್ದಾಣದ ಕಡೆಗೆ ಮೆಲ್ಲಗೆ ಇಳಿದು ಹೋಗಿತ್ತು. ಫೋಟೋ ತೆಗೆದುಕೊಂಡು, “ಅಮ್ಮಾ, ಕಲ್ಲಿನ ಟ್ರಾಲಿ ಇಳೀತಿದ್ದದ್ದು ಇಲ್ಲೇ ತಾನೇ?” ಎಂದೆ.

“ಇಲ್ಲಿ ರೈಲೂ ಇಲ್ಲ ಗೀಲೂ ಇಲ್ಲ. ನೀನ್ಯಾರು, ಸರ್ವೇಯವ್ನಾ?”

ಅಲ್ಲ, ಪತ್ರಿಕೆಗೆ ಬರೆಯುವವನು ಎಂದೆ. ಅದರಿಂದ ಇನ್ನೂ ಕೆಟ್ಟಿತು. ಕೈಯಲ್ಲಿದ್ದ ಕಳೆ ಬಿಸಾಕಿ ಹತ್ತಿರ ಬಂದರು.

“ಬರೀಬ್ಯಾಡ ಕಣಪ್ಪಾ. ಟೇಪ್ ಹಿಡ್ಕೊಂಡ್ ಬಂದೋರ್ಗೆ ಹೊಲ ತೋರಿಸ್ಬಾರ್ದು ಅಂತ ಊರೆಲ್ಲಾ ಮಾತಾಡ್ಕೊಂಡೈತೆ. ಅದಕ್ಕೇ ಬಂಡೆ ತೋರಿಸಿದ್ವಿ. ಭೂಮಿ ಉಳಿಸ್ಕೊಳಾಕೆ ಬಿಸಿಲು ಮಳೆ ಅನ್ನದೆ ಬೀದೀಲಿ ಧರಣಿ ಕುಂತಿದ್ದೋರು ನಾವು. ಕಂಬಿ ಇಲ್ಲಿತ್ತು ಅಂದ್ರೆ, ನಾಳೆ ಈ ಹೊಲಾನೂ ರೈಲಿಂದು ಅಂತಾರೆ.”

“ಆ ಹುಡುಗ ಅಂಥವನಲ್ಲ ಬಿಡಿ,” ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ನನಗೇ ಆಶ್ಚರ್ಯ.

“ಅವ್ನು ಒಳ್ಳೇವ್ನೇ. ಅವ್ನ ಹಿಂದೆ ಬರೋರು?”

ಎಂದೂ ರೈಲು ಓಡದ ಬಂಡೆಯ ಮೇಲೆ ಬೆವರು ಸುರಿಸುತ್ತಿದ್ದ ರಘುನಂದನನನ್ನು ನೆನೆದು ಪಾಪ ಎನ್ನಿಸಿತು. ನಿಜ ಹೇಳಿದರೆ ಈಕೆಯ ಹೊಲಕ್ಕೆ ಕುತ್ತು. ಅವರ ಕಣ್ಣೆದುರೇ ಫೋಟೋ ಅಳಿಸಿ, ಜಾಡನ್ನು ಯಾರಿಗೂ ತೋರಿಸುವುದಿಲ್ಲವೆಂದು ಮಾತು ಕೊಟ್ಟೆ.

ಮುನಿವೆಂಕಟಮ್ಮ ಬಸ್ಸು ಬರುವ ತನಕ ನನ್ನ ಜೊತೆಯಲ್ಲೇ ರಸ್ತೆ ಬದಿ ನಿಂತರು. ಅಂತೂ ನನ್ನನ್ನು ನಂಬಿದರಲ್ಲ ಎಂದು ಮನಸ್ಸು ಹಗುರವಾಯಿತು. ಸೀಟು ಹಿಡಿದು ಕೂತು, ಕಿಟಕಿಯಿಂದ ತಿರುಗಿ ನೋಡಿ ಕೈ ಬೀಸಿದೆ. ಅವರು ನನ್ನತ್ತ ನೋಡಲೇ ಇಲ್ಲ. ಕಂಡಕ್ಟರನಿಗೆ ಕೂಗಿ ಹೇಳುತ್ತಿದ್ದರು:

“ಇವ್ರನ್ನ ದೇವನಹಳ್ಳಿ ತಂಕ ಎಲ್ಲೂ ಇಳಿಸ್ಬ್ಯಾಡ ಕಣಪ್ಪಾ!”