ಗಾಜಿನ ಹಿಂದಿನ ಬಡಗಿ

ನಮ್ಮ ದೊಡ್ಡಪ್ಪ ಮೂವತ್ತೊಂದು ವರ್ಷ ಶವಪೆಟ್ಟಿಗೆ ಮಾಡಿದರು. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ಮರಗೆಲಸ" ಎಂದಷ್ಟೇ ಹೇಳಿ ಮಾತು ತಿರುಗಿಸಿಬಿಡುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ, ಚೀಟಿ ನೋಡಿಕೊಂಡು ಹಲಗೆ ಕೊಯ್ಯುವುದು ಅವರ ದಿನಚರಿ. ಚೀಟಿಯಲ್ಲಿ ಹೆಸರಿರುತ್ತಿರಲಿಲ್ಲ, ಉದ್ದ ಅಗಲ ಮಾತ್ರ.

ಕಾಲ ಬದಲಾಯಿತು. ಹೂಳುತ್ತಿದ್ದವರು ಸುಡುವುದಕ್ಕೆ ಹೊರಳಿದರು. ಕೆಲವರು ಬೇಗ ಮಣ್ಣಾಗುವ ರಟ್ಟಿನ ಪೆಟ್ಟಿಗೆಯೇ ಸಾಕೆಂದರು. ಅಂಗಡಿಯ ಯಜಮಾನರು ಹಾಸಿಗೆ ಹಿಡಿದ ಮೇಲೆ ಅದು ಅವರ ಮಗಳ ಕೈಗೆ ಬಂತು. ಮೊದಲು ಬೋರ್ಡು ಬದಲಾಯಿತು: 'ಶವಪೆಟ್ಟಿಗೆ ದೊರೆಯುತ್ತದೆ' ಎಂಬ ಕಪ್ಪು ಅಕ್ಷರ ಹೋಗಿ 'ನೆಮ್ಮದಿಯ ಪಯಣ' ಎಂಬ ತಿಳಿನೀಲಿ ಅಕ್ಷರ ಬಂತು. ಮುಂದಿನ ಗೋಡೆ ಒಡೆಸಿ ಆಳೆತ್ತರದ ಗಾಜು ಹಾಕಿಸಿದಳು. ಆಮೇಲೆ ದೊಡ್ಡಪ್ಪನ ಹತ್ತಿರ ಬಂದಳು.

"ಮೇಸ್ತ್ರಿ, ಇನ್ಮೇಲೆ ನೀವು ಮುಂದೆ ಕೂತು ಕೆಲಸ ಮಾಡಬೇಕು. ಗಾಜಿನ ಹಿಂದೆ."

"ನನ್ನ ಮುಖ ನೋಡಿ ಯಾರಿಗಮ್ಮಾ ಸಾಯೋ ಆಸೆ ಬರತ್ತೆ?"

"ಆಸೆ ಬರದೇ ಇದ್ರೂ ಪರವಾಗಿಲ್ಲ, ಭಯ ಹೋದ್ರೆ ಸಾಕು."

ಮೊದಲ ವಾರ ದೊಡ್ಡಪ್ಪ ತಲೆ ಎತ್ತಲಿಲ್ಲ. ಬರಬರುತ್ತ ಬೀದಿ ಕಾಣತೊಡಗಿತು. ಗಾಜು ದಪ್ಪ, ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಜನ ಬಾಯಾಡಿಸುತ್ತ, ಕೈಬೀಸುತ್ತ, ನೀರೊಳಗಿನ ಮೀನುಗಳ ಹಾಗೆ ತೇಲಿಹೋಗುತ್ತಿದ್ದರು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮರದ ಹುಡಿ ಬಂಗಾರದಂತೆ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಹಲಗೆಯ ಮೇಲೆ ಕೀಸುಳಿ ತಳ್ಳುತ್ತ ತಳ್ಳುತ್ತ ತಾನು ಒಳಗಿದ್ದೇನೋ ಹೊರಗಿದ್ದೇನೋ ಎಂಬುದೇ ಮರೆತುಹೋಗುತ್ತಿತ್ತಂತೆ.

ದಿನವೂ ಆ ಹೊತ್ತಿಗೆ ಒಬ್ಬ ನಿವೃತ್ತ ನರ್ಸಮ್ಮ ಗಾಜಿನಾಚೆ ಬಂದು ನಿಲ್ಲುತ್ತಿದ್ದರು. ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಏಳುವ ಮರದ ಸಿಪ್ಪೆಯನ್ನು ನೋಡಿ, ತಲೆಯಾಡಿಸಿ ಹೊರಟುಹೋಗುತ್ತಿದ್ದರು.

ಯಜಮಾನರ ಮಗಳು ಒಂದು ಭಾನುವಾರ ಅಂಗಡಿಯನ್ನು ಎಲ್ಲರಿಗೂ ತೆರೆದಿಟ್ಟಳು. 'ಬನ್ನಿ, ನೋಡಿ, ಕೊಳ್ಳಲೇಬೇಕೆಂದಿಲ್ಲ' ಎಂದು ಕರಪತ್ರ ಹಂಚಿಸಿದ್ದಳು. ಬಂದವರು ಚಹಾ ಕುಡಿದು, ಪೆಟ್ಟಿಗೆಗಳಿಂದ ಮಾರು ದೂರ ನಿಂತು, ಹವಾಮಾನದ ಬಗ್ಗೆ ಮಾತಾಡಿ ಜಾರಿಕೊಂಡರು. ಕೊನೆಗೆ ಬಂದದ್ದು ನರ್ಸಮ್ಮ. ಚಪ್ಪಲಿ ಬಿಟ್ಟು ನೇರ ದೊಡ್ಡಪ್ಪನ ಹೊಸ ಪೆಟ್ಟಿಗೆಯ ಹತ್ತಿರ ಹೋದರು.

"ಇದ್ರಲ್ಲಿ ನನ್ನ ಭುಜ ಹಿಡಿಯತ್ತಾ ನೋಡ್ಲಾ?"

"ಧಾರಾಳವಾಗಿ ನೋಡಿ," ಎಂದು ದೊಡ್ಡಪ್ಪ ಮುಚ್ಚಳ ಸರಿಸಿದರು.

ನರ್ಸಮ್ಮ ಒಳಗೆ ಮಲಗಿ ಕೈಕಟ್ಟಿಕೊಂಡರು. ಎರಡು ನಿಮಿಷದಲ್ಲಿ ಸಣ್ಣಗೆ ಗೊರಕೆ ಕೇಳಿತು. ಮಗಳ ಕಣ್ಣು ಅರಳಿತು. ಇಂಥ ಜಾಹೀರಾತು ಹುಡುಕಿದರೂ ಸಿಗದೆಂದು ಫೋನು ಎತ್ತಿದಳು. ದೊಡ್ಡಪ್ಪ ಎದ್ದುಹೋಗಿ ಗಾಜಿಗೆ ಹಾಕಿದ್ದ ನೀಲಿ ಪರದೆ ಎಳೆದರು, ಬಂದು ಅವಳಿಗೆ ಅಡ್ಡ ನಿಂತರು.

"ನಿದ್ದೆ ಮಾಡ್ತಿರೋರ ಫೋಟೋ ತೆಗೀಬಾರದು ತಾಯಿ."

ಅವಳು ಫೋನು ಇಳಿಸಿದಳು. ಪರದೆಯ ನೀಲಿ ನೆರಳಿನಲ್ಲಿ ಇಬ್ಬರೂ ಕಾಯುತ್ತ ಕೂತರು. ಎರಡು ತಾಸಿನ ಮೇಲೆ ನರ್ಸಮ್ಮ ಎದ್ದು ಕೂತು ಕೂದಲು ಸರಿಮಾಡಿಕೊಂಡರು.

"ಜೀವಮಾನವೆಲ್ಲ ರಾತ್ರಿಪಾಳಿ ಮಾಡಿದವಳು ನಾನು. ನಿದ್ದೆ ನನ್ನ ಹತ್ರಾನೂ ಸುಳಿಯಲ್ಲ. ಇವತ್ತು ಬಂತು ನೋಡಿ."

"ಈ ಮಾತು ಕರಪತ್ರದಲ್ಲಿ ಹಾಕ್ಲಾ ಆಂಟಿ?" ಮಗಳು ಕೇಳಿದಳು.

"ಹಾಕಮ್ಮ. ಆದರೆ ಎದ್ದು ಮನೆಗೆ ಹೋದಳು ಅನ್ನೋದನ್ನೂ ಹಾಕು."

ಮೂವರೂ ನಕ್ಕರು. ನರ್ಸಮ್ಮ ಪೆಟ್ಟಿಗೆ ಕೊಳ್ಳಲಿಲ್ಲ. ಅದೇ ಮರದಲ್ಲಿ, ಪಕ್ಕಗಳನ್ನು ಗೇಣುದ್ದ ಎತ್ತರಿಸಿ, ಒಂದು ಮಂಚ ಮಾಡಿಕೊಡಿ ಎಂದರು. ಸುದ್ದಿ ಹೇಗೋ ಹಬ್ಬಿತು. ನಿದ್ದೆ ಬಾರದವರು ಊರಲ್ಲಿ ಇಷ್ಟು ಜನ ಇದ್ದಾರೆಂದು ದೊಡ್ಡಪ್ಪನಿಗೆ ಗೊತ್ತೇ ಇರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅಂಗಡಿಯಲ್ಲಿ ಮರದ ಪೆಟ್ಟಿಗೆ ನಿಂತು, ರಟ್ಟಿನವಷ್ಟೇ ಉಳಿದವು. ದೊಡ್ಡಪ್ಪ ಮನೆಯಂಗಳದಲ್ಲಿ ಮಂಚ ಮಾಡತೊಡಗಿದರು. ಮಗಳೇ ಗಿರಾಕಿಗಳನ್ನು ಕಳಿಸುತ್ತಿದ್ದಳು.

ಎಲ್ಲಕ್ಕೂ ಮೊದಲನೆಯದಾದ ನರ್ಸಮ್ಮನ ಮಂಚ ಜೋಡಿಸಿದ ದಿನ ದೊಡ್ಡಪ್ಪ ಮನೆಗೆ ಬಂದದ್ದು ತಡವಾಗಿ. ಕೊನೆಯ ಸ್ಕ್ರೂ ಬಿಗಿಯುವಾಗಲೇ ಆಕೆ ನಿದ್ದೆ ಹೋದರಂತೆ. ಬಾಗಿಲ ಸದ್ದಿಗೆ ಎಚ್ಚರವಾದೀತೆಂದು ಇವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು.

"ಅದೆಲ್ಲ ಸರಿ, ನಮ್ಮ ಮಂಚ ಕಿರ್ರನ್ನೋದಕ್ಕೆ ಶುರುವಾಗಿ ಏಳು ವರ್ಷ ಆಯ್ತು."

ದೊಡ್ಡಪ್ಪ ಮರುದಿನ ಬೆಳಿಗ್ಗೆಯೇ ಅದನ್ನು ಅಂಗಳಕ್ಕೆ ಎಳೆದರು.